‘ಫಾರೆವರ್ ಕೆಮಿಕಲ್’ಗೆ ‘ಶಾಶ್ವತ’ ಹೊಂದುತ್ತಿಲ್ಲ, ಬೇರೆ ಏನನ್ನಬಹುದು?

ಗೆಳೆಯರೇ, ಒಂದು ಪದ ಬೇಕಾಗಿದೆ. ಗದಗದಲ್ಲಿ ನಮ್ಮ ಓಣಿಯವರಿಗಾಗಿ ಕುಡಿಯುವ ನೀರಿನ ಬಗ್ಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧ ಪುಟ ಪಿಎಫ್‌ಎಎಸ್ ಎಂಬ ರಾಸಾಯನಿಕಗಳಿಗೆ ಮೀಸಲು. ನಾನ್‌ಸ್ಟಿಕ್ ಪಾತ್ರೆ, ನೀರು ಅಂಟದ ಬಟ್ಟೆ, ಎಣ್ಣೆ ಜಿನುಗದ ಕಾಗದ, ಪೆಟ್ರೋಲ್ ಬೆಂಕಿ ಆರಿಸುವ ನೊರೆ, ಇವುಗಳಲ್ಲೆಲ್ಲ ಬಳಕೆಯಾದ ದೊಡ್ಡ ಬಳಗ ಅದು. ಇಂಗಾಲಕ್ಕೂ ಫ್ಲೋರಿನ್‌ಗೂ ಬಿದ್ದ ಗಂಟು ಬಲು ಬಿಗಿ. ಮಣ್ಣು, ನೀರು ಸೇರಿದ ಮೇಲೂ ಬಿಚ್ಚುವುದಿಲ್ಲ. ಅದಕ್ಕೇ 2018ರಲ್ಲಿ ಇಂಗ್ಲಿಷಿನಲ್ಲಿ ‘ಫಾರೆವರ್ ಕೆಮಿಕಲ್ಸ್’ ಎಂಬ ಹೆಸರು ಬಿತ್ತು.

ನಾನು ಮೊದಲು ‘ಶಾಶ್ವತ ರಾಸಾಯನಿಕ’ ಎಂದೇ ಬರೆದೆ. ಓದಿದ ಪಕ್ಕದ ಮನೆಯ ಕಾಕಾ ನಕ್ಕುಬಿಟ್ಟರು. ನಮ್ಮ ಕಡೆ ಶಾಶ್ವತ ಎಂಬ ಮಾತು ಸಿಗುವುದು ‘ಶಾಶ್ವತ ಕುಡಿಯುವ ನೀರಿನ ಯೋಜನೆ’ ಎಂಬ ಬೋರ್ಡಿನಲ್ಲಿ. ನಳಕ್ಕೆ ನೀರು ಬರುವ ದಿನ ಹಬ್ಬದಂತಿರುವ ಓಣಿಯಲ್ಲಿ ಶಾಶ್ವತ ಅಂದರೆ ಬೇಕಾದದ್ದು, ಬೇಡಿ ಪಡೆಯುವಂಥದ್ದು. ‘ಚಿರ’ಕ್ಕೂ ಇದೇ ಕಾಟ, ಅದು ಮಕ್ಕಳಿಗೆ ಹರಸುವ ಪದ ಅಲ್ವಾ? ‘ಅಳಿಯದ ರಾಸಾಯನಿಕ’ ಪರವಾಗಿಲ್ಲ, ಆದರೆ ಅವಸರದಲ್ಲಿ ಓದಿದರೆ ಅಳಿಯಂದಿರು ನೆನಪಾಗುತ್ತಾರೆ!

ಸುಮ್ನೆ ಪದದ ಚಪಲಕ್ಕೆ ಕೇಳುತ್ತಿಲ್ಲ. ಇನ್ನೊಂದು ಪದ ಇದಕ್ಕಿಂತ ಜಾಸ್ತಿ ತೊಂದರೆ ಕೊಟ್ಟಿತು: ‘ಕಲುಷಿತ’. ಪೇಪರಿನಲ್ಲಿ ಕಲುಷಿತ ನೀರು ಅಂದರೆ ಚರಂಡಿ ಬೆರೆತದ್ದು, ಅದರ ಹಿಂದೆಯೇ ವಾಂತಿ ಭೇದಿ. ಹಾಗಾಗಿ ಕಾಕಾ ತಕ್ಷಣ, “ಕುದಿಸಿ ಕುಡಿದ್ರ ಆತಲ್ಲ?” ಎಂದರು. ಇಲ್ಲಿ ಕುದಿಸಿದರೆ ಉಪಯೋಗವೇ ಇಲ್ಲ. ನೀರು ಆವಿಯಾಗುತ್ತದೆ, ಪಿಎಫ್‌ಎಎಸ್ ಪಾತ್ರೆಯಲ್ಲೇ ಉಳಿಯುತ್ತದೆ. ಉಳಿದ ನೀರಿನಲ್ಲಿ ಅದರ ಪ್ರಮಾಣ ತುಸು ಏರುತ್ತದೆ. ಹುಳ ಸಾಯಿಸಲು ಕುದಿಸಬೇಕು, ಅದು ಬೇರೆ ಮಾತು.

ಗದಗದಲ್ಲಿ ಇನ್ನೊಂದು ಗೋಜಲೂ ಇದೆ. ಫ್ಲೋರೈಡ್ ಇಲ್ಲಿ ಮನೆಮಾತು. ಬೋರ್ ನೀರು, ಹಲ್ಲಿನ ಕಂದು ಕಲೆ, ಬಾಗಿದ ಮೂಳೆ, ಎಲ್ಲ ಗೊತ್ತು. ಪಿಎಫ್‌ಎಎಸ್‌ನಲ್ಲೂ ಫ್ಲೋರಿನ್ ಇದೆ ಎಂದ ಕೂಡಲೇ “ಅದ ಫ್ಲೋರೈಡ್ ಬಿಡ್ರಿ” ಅನ್ನುತ್ತಾರೆ. ಅದಲ್ಲ. ಫ್ಲೋರೈಡ್ ನೆಲದೊಳಗಿನ ಕಲ್ಲಿನಿಂದ ಇಳಿದು ಬಂದದ್ದು, ಪಿಎಫ್‌ಎಎಸ್ ಮನುಷ್ಯ ಮಾಡಿದ್ದು. ಅಳತೆಯೂ ಅಷ್ಟೇ ದೂರ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅಮೆರಿಕ 2024ರಲ್ಲಿ ಪಿಎಫ್‌ಎಎಸ್ ಬಳಗದ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಎರಡಕ್ಕೆ ಹಾಕಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ಒಂದು ಮಿಲಿಗ್ರಾಂ ಅಂದರೆ ಹತ್ತು ಲಕ್ಷ ನ್ಯಾನೊಗ್ರಾಂ. ಆ ಮಿತಿಯನ್ನು ನಾನು ‘ಲಕ್ಷ ಕೋಟಿ ಪಾಲಿನಲ್ಲಿ ನಾಲ್ಕು ಪಾಲು’ ಎಂದು ಬರೆದಿದ್ದೇನೆ. ಬಜೆಟ್ ಸುದ್ದಿ ಕೇಳಿದವರಿಗೆ ಲಕ್ಷ ಕೋಟಿ ಹೊಸದಲ್ಲ.

ಫಿಲ್ಟರಿನ ಹೆಸರೂ ತೊಡಕೇ. ಆರ್‌ಒ ಫ್ಲೋರೈಡ್, ಪಿಎಫ್‌ಎಎಸ್ ಎರಡನ್ನೂ ಬಹುಪಾಲು ತಡೆಯುತ್ತದೆ. ‘ಆಕ್ಟಿವೇಟೆಡ್ ಕಾರ್ಬನ್’ ಪಿಎಫ್‌ಎಎಸ್ ಹಿಡಿಯುತ್ತದೆ, ಫ್ಲೋರೈಡಿಗೆ ನಾಟುವುದಿಲ್ಲ. ಪಠ್ಯಪುಸ್ತಕದ ‘ಸಕ್ರಿಯ ಇಂಗಾಲ’ ಯಾರಿಗೂ ತಿಳಿಯಲಿಲ್ಲ. ‘ಇದ್ದಿಲು ಫಿಲ್ಟರ್’ ಎಂದರೆ ತಿಳಿಯಿತು, ಆದರೆ ಒಬ್ಬರು ಒಲೆಯ ಇದ್ದಿಲನ್ನೇ ಕೊಡಕ್ಕೆ ಹಾಕಲು ಹೊರಟರು. ಈಗ ‘ಅಂಗಡಿಯ ಇದ್ದಿಲು ಫಿಲ್ಟರ್, ಹೇಳಿದ ಅವಧಿಗೆ ಬದಲಿಸಿ’ ಎಂದು ತಿದ್ದಿದ್ದೇನೆ. ಹಳೆಯದಾದ ಫಿಲ್ಟರ್ ಇದ್ದೂ ಇಲ್ಲದಂತೆ. ಇದರ ಜೊತೆಗೆ, ನೀರು ಪೂರೈಸುವ ಕಚೇರಿಗೆ ಹೋಗಿ ಪರೀಕ್ಷೆಯ ವರದಿ ಕೇಳಿ, ಅದರಲ್ಲಿ ಪಿಎಫ್‌ಎಎಸ್ ಪರೀಕ್ಷೆ ಇದೆಯೇ ನೋಡಿ ಎಂದೂ ಬರೆದಿದ್ದೇನೆ. ಬಣ್ಣ, ವಾಸನೆ, ರುಚಿ ನೋಡಿ ಇದನ್ನು ಕಂಡುಹಿಡಿಯಲಾಗದು.

ಸದ್ಯಕ್ಕೆ ಶೀರ್ಷಿಕೆಗೆ ‘ಕುದಿಸಿದರೂ ಹೋಗದ ಕೆಮಿಕಲ್’ ಎಂದು ಇಟ್ಟಿದ್ದೇನೆ. ಉದ್ದವಾಯಿತು, ನಿಜ. ಆದರೆ ಮಾಡಬಾರದ ತಪ್ಪನ್ನು ಹೆಸರೇ ಹೇಳುತ್ತದೆ. ‘ಕೊಳೆಯದ’ ಎಂದರೆ ಚಿಕ್ಕದಾಗುತ್ತದೆ, ಆದರೆ ಅದು ಪ್ಲಾಸ್ಟಿಕ್ಕಿನ ಕಡೆ ಎಳೆಯುತ್ತದೆ. ಹಾವೇರಿ, ಧಾರವಾಡ ಕಡೆಯವರು ಎಷ್ಟು ತಿಕ್ಕಿದರೂ ಬಿಡದ ವಸ್ತುವಿಗೆ ಏನನ್ನುತ್ತೀರಿ? ಎರಡು ಅಕ್ಷರದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಕರಪತ್ರದಲ್ಲಿ ಜಾಗ ಕಡಿಮೆ.