ಅಪ್‌ಡೇಟ್: ತಂಗಿಯ ಸ್ಕಾಲರ್‌ಶಿಪ್ ಕೊನೆಗೂ ಬಂತು

ತಂಗಿಯ ಸ್ಕಾಲರ್‌ಶಿಪ್ ದುಡ್ಡು ಯಾಕೆ ಬರುತ್ತಿಲ್ಲ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ, ನೆನಪಿದೆಯಾ? ನಾವು ಯಾದಗಿರಿ ಕಡೆಯವರು. ತಂಗಿಗೆ ಸಿಇಟಿಯಲ್ಲಿ ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿಇ ಸೀಟು ಸಿಕ್ಕಿದೆ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ತೋರಿಸುತ್ತಿತ್ತು, ದುಡ್ಡು ಮಾತ್ರ ಬಂದಿರಲಿಲ್ಲ. ಕಾಲೇಜಿನವರು ಪೂರ್ತಿ ಫೀ ಕಟ್ಟಿ ಅಂತ ಕೂತಿದ್ದರು.

ನಿಮ್ಮಲ್ಲಿ ಕೆಲವರು ಆಧಾರ್ ಜೋಡಣೆ ನೋಡಿ ಅಂದಿರಿ. ಅದೇ ಆಗಿತ್ತು! ಹೈಸ್ಕೂಲಲ್ಲಿ ತೆರೆದಿದ್ದ ಹಳೇ ಖಾತೆಗೆ ಅವಳ ಆಧಾರ್ ಜೋಡಿಸಿತ್ತು. ಆ ಖಾತೆ ಬಂದ್ ಆಗಿ ವರ್ಷಗಳಾಗಿವೆ. ದುಡ್ಡು ಹೋಗುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಧಾರ್‌ಗೆ ಜೋಡಿಸಿದ ಖಾತೆಗೆ. ಹೊಸ ಬ್ಯಾಂಕಿನಲ್ಲಿ ಕೆವೈಸಿಗೆ ಆಧಾರ್ ಕೊಟ್ಟರೆ ಸಾಲದು, ಡಿಬಿಟಿಗೆ, ಅಂದರೆ ಸರ್ಕಾರದ ದುಡ್ಡು ನೇರ ಖಾತೆಗೆ ಬರುವುದಕ್ಕೆ, ಬೇರೆ ಒಪ್ಪಿಗೆ ಫಾರ್ಮ್ ತುಂಬಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಫಾರ್ಮ್ ಕೊಟ್ಟ ಎರಡು ವಾರಕ್ಕೆ ಮೆಸೇಜ್ ಬಂತು. ಅವ್ವ ಮೊಬೈಲ್ ಕೈಯಲ್ಲಿ ಹಿಡಿದು ಮೂರು ಸಲ ಓದಿಸಿದಳು.

ಸೀಟಿನ ವಿಷಯದಲ್ಲಿ ನಮಗೆ ದೂರಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು ಇಲ್ಲಿನವರಿಗೇ ಮೀಸಲು. ಆದರೆ ಸೀಟು ಮೊದಲು, ಸಹಾಯ ಆಮೇಲೆ ಅಂದರೆ ಹೇಗೆ? ದುಡ್ಡಿದ್ದವರು ಕಟ್ಟಿ ಕಾಯುತ್ತಾರೆ. ಅಪ್ಪ ಬೀಜಕ್ಕೆ ಇಟ್ಟಿದ್ದ ತೊಗರಿಯನ್ನೂ ಮಾರಿ ಮೊದಲ ಕಂತು ಕಟ್ಟಿದ. ಇದು ನ್ಯಾಯ ಅಲ್ಲ.

ತಂಗಿಯ ಹಾಸ್ಟೆಲ್ ರೂಮಿನ ಇನ್ನಿಬ್ಬರಿಗೂ ಇದೇ ತೊಂದರೆಯಂತೆ. ಸೋಮವಾರ ಅವರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಾಳೆ. ಉತ್ತರ ಕೊಟ್ಟ ಎಲ್ಲರಿಗೂ ಅವ್ವನ ಕಡೆಯಿಂದ ಶರಣು.