ಅಮೆರಿಕದ ಗುಲಾಮರು ಯಾಕೆ ತಿರುಗಿ ಬೀಳಲಿಲ್ಲ?

ಪ್ರಶ್ನೆ – ಹೊಸಬೆಳಕು
ನಾವು ಶಾಲೆಯಲ್ಲಿ ಓದಿದ್ದು ಇಷ್ಟೇ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದರು, ಹತ್ತಿ ತೋಟದಲ್ಲಿ ದುಡಿಸಿದರು, ಕೊನೆಗೆ ಲಿಂಕನ್ ಬಿಡಿಸಿದ. ನಡುವೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಅವರು ಸುಮ್ನೆ ಸಹಿಸಿಕೊಂಡೇ ಇದ್ದರಾ? ಹೈಟಿಯಲ್ಲಿ ದಂಗೆ ಎದ್ದು ದೇಶವನ್ನೇ ಕಟ್ಟಿಕೊಂಡರಲ್ಲ, ಇಲ್ಲಿ ಯಾಕೆ ಆಗಲಿಲ್ಲ?

ಹೊಳೆಸಾಲು
ಸುಮ್ನೆ ಇರಲೇ ಇಲ್ಲ. 1739ರ ಸ್ಟೋನೋ ದಂಗೆ ನೋಡಿ. ಜಾಗ ಸೌತ್ ಕ್ಯಾರೊಲಿನಾ, ಆಗ ಬ್ರಿಟಿಷರ ವಸಾಹತು. ಅಲ್ಲಿ ಹತ್ತಿಯಲ್ಲ, ಭತ್ತದ ಗದ್ದೆ. ಬಿಳಿಯರಿಗಿಂತ ಗುಲಾಮರೇ ಜಾಸ್ತಿ.

ಸೆಪ್ಟೆಂಬರ್ 9, ಭಾನುವಾರ. ಜೆಮ್ಮಿ ಎಂಬವನ ಹಿಂದೆ ಸುಮಾರು 20 ಜನ ಸ್ಟೋನೋ ನದಿ ಹತ್ತಿರ ಸೇರಿದರು, ಒಂದು ಅಂಗಡಿಗೆ ನುಗ್ಗಿ ಇಬ್ಬರನ್ನು ಕೊಂದು ಬಂದೂಕು, ಮದ್ದು ಎತ್ತಿಕೊಂಡು ದಕ್ಷಿಣಕ್ಕೆ ಹೊರಟರು. ದಕ್ಷಿಣಕ್ಕೇ ಯಾಕೆ ಅಂದರೆ ಫ್ಲಾರಿಡಾ ಆಗ ಸ್ಪೇನಿನ ಕೈಯಲ್ಲಿತ್ತು, ಬ್ರಿಟಿಷರಿಂದ ಓಡಿ ಬಂದು ಕ್ಯಾಥೊಲಿಕ್ ಆದವರಿಗೆ ಬಿಡುಗಡೆ ಅಂತ ಸ್ಪೇನ್ ಸಾರಿತ್ತು. ಹಾಗೆ ಬಂದವರದೇ ಒಂದು ಊರು, ಫೋರ್ಟ್ ಮೋಸೆ, 1738ರಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಪಟ್ಟಣದ ಪಕ್ಕ ಎದ್ದಿತ್ತು.

ಇವರು ಕದ್ದುಮುಚ್ಚಿ ಓಡಲಿಲ್ಲ. ಬಾವುಟ ಹಿಡಿದು, ಡೋಲು ಬಾರಿಸುತ್ತಾ, 'ಲಿಬರ್ಟಿ' ಅಂತ ಕೂಗುತ್ತಾ ನಡೆದರು. ದಾರಿಯುದ್ದಕ್ಕೂ ಜನ ಸೇರಿಕೊಂಡರು. ಎದುರಾದ ಬಿಳಿಯರನ್ನು ಕೊಂದರು, ಮಕ್ಕಳನ್ನೂ ಬಿಡಲಿಲ್ಲ. ಆದರೆ ತನ್ನ ಗುಲಾಮರನ್ನು ಚೆನ್ನಾಗಿ ನೋಡಿಕೊಂಡಿದ್ದ ಒಬ್ಬ ಹೋಟೆಲಿನವನನ್ನು ಮುಟ್ಟಲಿಲ್ಲ. ಕುರುಡು ಸಿಟ್ಟಾಗಿದ್ದರೆ ಇಷ್ಟು ಲೆಕ್ಕ ಇಡುತ್ತಿದ್ದರಾ? ಸಂಜೆಯೊಳಗೆ ಬಿಳಿಯರ ಪಡೆ ಬಂದು ಮುರಿಯಿತು. ಮುಂದಿನ ವರ್ಷದ ಕಾನೂನಿನಲ್ಲಿ ಗುಲಾಮರು ಗುಂಪು ಸೇರುವಂತಿಲ್ಲ, ಅವರಿಗೆ ಬರೆಯಲು ಕಲಿಸುವಂತಿಲ್ಲ, ಡೋಲು ಕೂಡ ಬಾರಿಸುವಂತಿಲ್ಲ. ಎಷ್ಟು ಹೆದರಿದ್ದರು ಅಂತ ಇದರಲ್ಲೇ ಗೊತ್ತಾಗುತ್ತದೆ.

ಕಾಗೆಬಂಗಾರ
ಹೈಟಿ ಜೊತೆ ಹೋಲಿಸುವಾಗ ಜನರ ಲೆಕ್ಕ ನೋಡಬೇಕು. ಅಲ್ಲಿ ಗುಲಾಮರು 5 ಲಕ್ಷದ ಹತ್ತಿರ, ಬಿಳಿಯರು 40 ಸಾವಿರದೊಳಗೆ. ಅಮೆರಿಕದ ಹೆಚ್ಚಿನ ಕಡೆ ಬಿಳಿಯರದೇ ಮೇಲುಗೈ, ಅವರ ಕೈಯಲ್ಲಿ ಬಂದೂಕು, ರಾತ್ರಿಯಿಡೀ ರಸ್ತೆಯಲ್ಲಿ ಗಸ್ತು. ಇಷ್ಟಾದರೂ 1811ರಲ್ಲಿ ಲೂಯಿಸಿಯಾನಾದಲ್ಲಿ ನೂರಾರು ಜನ ಚಾರ್ಲ್ಸ್ ಡೆಲೊಂಡ್ ಎಂಬ ಗುಲಾಮನ ಜೊತೆ ನ್ಯೂ ಆರ್ಲಿಯನ್ಸ್ ಕಡೆ ಹೊರಟರು. ಸೋತವರ ತಲೆಗಳನ್ನು ನದಿಯುದ್ದಕ್ಕೂ ಕಂಬಕ್ಕೆ ಚುಚ್ಚಿ ನಿಲ್ಲಿಸಿದರು. ಇದನ್ನು ನೋಡಿದ ಮೇಲೂ 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ದಂಗೆ ಎದ್ದ.

ದಂಗೆ ಮಾತ್ರ ಪ್ರತಿರೋಧ ಅಂದುಕೊಳ್ಳಬೇಡಿ. ಬೇಕಂತಲೇ ನಿಧಾನ ಮಾಡುವುದು, ಗುದ್ದಲಿ ಮುರಿಯುವುದು, ಕಾಯಿಲೆ ಅಂತ ಮಲಗುವುದು ದಿನವೂ ನಡೆದೇ ಇತ್ತು. ವರ್ಜೀನಿಯಾ ಗಡಿಯ ಡಿಸ್ಮಲ್ ಜೌಗಿನಲ್ಲಿ ಓಡಿಹೋದವರು ತಲೆಮಾರುಗಟ್ಟಲೆ ಬದುಕಿದರು. ನಮ್ಮ ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳ ಹಿರಿಯರಲ್ಲೂ ಹಲವರು ಪೋರ್ಚುಗೀಸರ ಗೋವಾದಿಂದ ಹೀಗೇ ಕಾಡಿಗೆ ತಪ್ಪಿಸಿಕೊಂಡು ಬಂದವರು.

ಹೊಸಬೆಳಕು
ಡೋಲಿನ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಆದರೆ ಇವೆಲ್ಲ ಸೋತ ದಂಗೆಗಳೇ ಅಲ್ವಾ? ಗೆದ್ದಿದ್ದು ಒಂದೂ ಇಲ್ವಾ?

ಹೊಳೆಸಾಲು
ಇದೆ. 1841, ಕ್ರಿಯೋಲ್ ಹಡಗು. ವರ್ಜೀನಿಯಾದಿಂದ ನ್ಯೂ ಆರ್ಲಿಯನ್ಸಿಗೆ 130ಕ್ಕೂ ಹೆಚ್ಚು ಜನರನ್ನು ಮಾರಲು ಒಯ್ಯುತ್ತಿತ್ತು. ನವೆಂಬರ್ 7ರ ರಾತ್ರಿ ಅವರಲ್ಲೊಬ್ಬನಾದ ಮ್ಯಾಡಿಸನ್ ವಾಷಿಂಗ್ಟನ್ ಮತ್ತು ಸಂಗಡಿಗರು ಹಡಗನ್ನೇ ವಶ ಮಾಡಿಕೊಂಡು, ನಾವಿಕರಿಂದಲೇ ಬಹಾಮಾಸಿನ ನಾಸೌಗೆ ನಡೆಸಿಕೊಂಡು ಹೋದರು. ಬ್ರಿಟಿಷರು ಅಷ್ಟರಲ್ಲಿ ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸಿದ್ದರು. ಹೆಚ್ಚಿನವರು ಅಲ್ಲೇ ಬಿಡುಗಡೆಯಾಗಿ ಇಳಿದರು, ದಂಗೆ ಎದ್ದವರನ್ನು ಕೆಲವು ತಿಂಗಳು ಬಂಧನದಲ್ಲಿಟ್ಟು ಆಮೇಲೆ ಬಿಡುಗಡೆ ಮಾಡಿದರು. ಅಮೆರಿಕ ಸರ್ಕಾರ ಎಷ್ಟು ಕೇಳಿದರೂ ಬ್ರಿಟನ್ ಜನರನ್ನು ವಾಪಸ್ ಕೊಡಲಿಲ್ಲ. 1850ರ ದಶಕದಲ್ಲಿ ಪರಿಹಾರ ಅಂತ ದುಡ್ಡು ಕೊಟ್ಟಿತು, ಅದೂ ಮಾರಲು ಹೊರಟಿದ್ದ ಒಡೆಯರಿಗೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.