ಲ್ಯಾಂಬ್ಟನ್ನರ ಕೆಲಸ: ಮೋಜಣಿಯೋ, ಸರ್ವೇಕ್ಷಣೆಯೋ?

ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಆರಂಭಿಸಿದ ತ್ರಿಕೋನಮಿತಿಯ ಸರ್ವೆಯನ್ನು ಕುರಿತು ಬರೆಯುತ್ತಿದ್ದೇನೆ. ಆ ‘ಸರ್ವೆ’ಗೆ ಯಾವ ಕನ್ನಡ ಪದ ಸರಿಹೊಂದುತ್ತದೆ ಎಂಬುದೇ ನನ್ನ ಪ್ರಶ್ನೆ.

ಮೊದಲು ನಾನು ಬರೆದುಕೊಂಡದ್ದು ‘ಮೋಜಣಿ’. ಮರಾಠಿಯಿಂದ ಬಂದು ನಮ್ಮ ಕಂದಾಯದ ಕಾಗದಪತ್ರಗಳಲ್ಲಿ ನೆಲೆಯೂರಿರುವ ಈ ಪದ ರೈತರ ಬಾಯಲ್ಲಿಯೂ ಇದೆ. ಆದರೆ ಮೋಜಣಿ ಎಂದೊಡನೆ ಕಣ್ಣಿಗೆ ಬರುವುದು ಹೊಲದ ಬದುವಿನ ಮೇಲೆ ಎಳೆಯುವ ಸರಪಳಿ: 33 ಅಡಿ ಉದ್ದದ, 16 ಆಣೆಗಳಾಗಿ ವಿಂಗಡಿಸಿದ ಗುಂಟೆ ಸರಪಳಿ. ಅದರ ಒಂದು ಚದರವೇ ಒಂದು ಗುಂಟೆ. ಅಲ್ಲಿ ನೆಲದ ಪ್ರತಿ ತುಂಡನ್ನೂ ಅಳೆಯಲೇಬೇಕು.

ಲ್ಯಾಂಬ್ಟನ್ನರು ಸರಪಳಿ ಹಿಡಿದದ್ದು ಆಧಾರರೇಖೆಗಳಿಗೆ, ಎಂದರೆ ಲೆಕ್ಕಕ್ಕೆ ಬುನಾದಿಯಾಗಿ ನೆಲದ ಮೇಲೆ ಅಳೆಯುವ ರೇಖೆಗಳಿಗೆ, ಮಾತ್ರ. ತಲಾ ಎರಡೂವರೆ ಅಡಿಯ 40 ಕೊಂಡಿಗಳಿದ್ದ ನೂರಡಿಯ ಉಕ್ಕಿನ ಸರಪಳಿಯನ್ನು, ಬಿಸಿಲಿಗೆ ಹಿಗ್ಗದಂತೆ ನೆರಳು ಕಟ್ಟಿ, ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಸುಮಾರು ಏಳೂವರೆ ಮೈಲಿ ದೂರವನ್ನು ಅವರು ಅಳೆಸಿದರು. ಅಲ್ಲಿಂದಾಚೆಗೆ ನಡೆದದ್ದೆಲ್ಲ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನ ಅಳೆಯುವ ದುರ್ಬೀನಿನ ಉಪಕರಣವಾದ ಥಿಯೊಡೊಲೈಟಿನ ಮೂಲಕ ನೋಡುವುದು, ಕೋನವನ್ನು ಗುರುತಿಸುವುದು, ತ್ರಿಕೋನದ ಉಳಿದ ಬಾಹುಗಳ ಉದ್ದವನ್ನು ಲೆಕ್ಕದಿಂದ ಪಡೆಯುವುದು. ಈ ಲೆಕ್ಕವನ್ನು ಪರೀಕ್ಷಿಸಲೆಂದು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆ ಅಳೆದಾಗ, ಲೆಕ್ಕಕ್ಕೂ ಅಳತೆಗೂ ನಡುವೆ ಕಂಡ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಇಷ್ಟು ನಿಖರವಾಗಿ ನೋಡಿದವರ ಕೆಲಸವನ್ನು ಬದು ಅಳೆಯುವ ಪದದಿಂದ ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ಆದ್ದರಿಂದ ‘ಸರ್ವೇಕ್ಷಣೆ’ಯ ಕಡೆಗೆ ವಾಲಿದ್ದೇನೆ. ಸರ್ವೆ ಎಂಬ ಸದ್ದಿಗೆ ಹೊಂದಿಸಿಕೊಂಡ ಪದವೆಂದು ಇದನ್ನು ಕೆಲವರು ಬದಿಗಿಡುತ್ತಾರೆ. ಆದರೆ ಇದರೊಳಗಿನ ‘ಈಕ್ಷಣ’ಕ್ಕೆ ನೋಟವೆಂದೇ ಅರ್ಥ, ಇಂಗ್ಲಿಷಿನ ಪದದ ಲ್ಯಾಟಿನ್ ಮೂಲದಲ್ಲಿರುವುದೂ ‘ಮೇಲಿನಿಂದ ನೋಡು’ ಎಂಬ ಭಾವವೇ. ಅದೇ ಕಾಲದಲ್ಲಿ ಮೈಸೂರು ಸೀಮೆಯ ಊರು, ಕೆರೆ, ಗಡಿಗಳನ್ನು ದಾಖಲಿಸಿದ ಕಾಲಿನ್ ಮೆಕೆಂಜಿಯವರ ಕೆಲಸಕ್ಕೆ ‘ಭೂಮಾಪನ’ ಎಂದರೆ ಎರಡರ ಅಂತರವೂ ಸ್ಪಷ್ಟವಾಗುತ್ತದೆ.

ಇನ್ನು ತೊಡಕಾಗಿರುವುದು, ಥಿಯೊಡೊಲೈಟನ್ನು ನಿಲ್ಲಿಸಿದ ಬೆಟ್ಟದ ಮೇಲಿನ ಬಿಂದುವಿನ ಹೆಸರು. ‘ಬಾಂದುಕಲ್ಲು’ ಎನ್ನುವಂತಿಲ್ಲ, ಅದು ಎಲ್ಲೆಯನ್ನು ತೋರಿಸುವ ಕಲ್ಲು. ಸದ್ಯಕ್ಕೆ ‘ನೋಟದ ನೆಲೆ’ ಎಂದು ಬರೆದುಕೊಂಡಿದ್ದೇನೆ. ಸರ್ವೆ ಕೆಲಸದಲ್ಲಿ ಪಳಗಿದವರು ಇದಕ್ಕೆ ಬಳಸುವ ಮಾತು ಬೇರೆ ಇದ್ದರೆ ದಯವಿಟ್ಟು ತಿಳಿಸಬೇಕು.